ಆರು ಅಂಕಣದ ಮನೆ: ಶಿವಮೊಗ್ಗದ ಮೂವತ್ತು–ನಲವತ್ತರ ಸೈಟಿನಲ್ಲಿ ಎರಡು ವರ್ಷ

ಕಳೆದ ಕಾರ್ತಿಕ ಮಾಸದಲ್ಲಿ, 2025ರ ನವೆಂಬರಿನಲ್ಲಿ, ಶಿವಮೊಗ್ಗದ ಗೋಪಾಳದ ಕಡೆ ನಾವು ಕಟ್ಟಿಸಿದ ಮನೆಯಲ್ಲಿ ಹಾಲುಕ್ಕಿಸಿದೆವು. ಮನೆ ಕಟ್ಟುವುದೆಂದು ನಿಶ್ಚಯಿಸಿದ್ದು 2023ರ ಅಕ್ಟೋಬರಿನಲ್ಲಿ. ಈ ಇಪ್ಪತ್ತೈದು ತಿಂಗಳಲ್ಲಿ ಸೈಟಿನಲ್ಲಿ ಕೆಲಸ ನಡೆದದ್ದು ಒಂದು ವರ್ಷ ಮಾತ್ರ. ಉಳಿದ ಕಾಲವೆಲ್ಲ ಕಾಗದಪತ್ರ ಹೊಂದಿಸುವುದರಲ್ಲಿ, ಸಾಲಕ್ಕೆ ಓಡಾಡುವುದರಲ್ಲಿ, ಮಳೆ ನಿಲ್ಲುವುದನ್ನು ಕಾಯುವುದರಲ್ಲಿ ಕಳೆಯಿತು. ಮನೆ ನೋಡಲು ಬಂದವರು ಮಣ್ಣಿನ ಇಟ್ಟಿಗೆಯ ಗೋಡೆಯನ್ನು ಸವರಿ ನೋಡಿ, ‘ಇದಕ್ಕೆ ಬ್ಯಾಂಕಿನವರು ಸಾಲ ಕೊಟ್ಟರಾ, ನಕ್ಷೆ ಮಂಜೂರಾಯಿತಾ’ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ನಡೆದದ್ದನ್ನು ನಡೆದಂತೆ ಬರೆದಿಡುವುದು ಲೇಸೆನಿಸಿತು.

ನಮ್ಮದು ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಸೈಟು. ಎಡಕ್ಕೂ ಬಲಕ್ಕೂ ಎರಡಂತಸ್ತಿನ ಮನೆಗಳು ಎದ್ದಾಗಿದೆ. ಎದುರಿಗೆ ಇಪ್ಪತ್ತು ಅಡಿಯ ರಸ್ತೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾದ ಮೇಲೆ ವಾಕರ್ ಹಿಡಿದು ನಡೆಯುವ ಎಪ್ಪತ್ತರ ಅತ್ತೆ. ಇನ್ನು ಹತ್ತು ವರ್ಷಕ್ಕೆ ಮಕ್ಕಳು ಎಲ್ಲಿರುತ್ತಾರೋ ತಿಳಿಯದು. ಇಪ್ಪತ್ತು ವರ್ಷಕ್ಕೆ ವಾಕರ್ ಹಿಡಿಯುವ ಸರದಿ ನಮ್ಮದು. ಹೀಗೆ ಬದಲಾಗುತ್ತಲೇ ಹೋಗುವ ಸಂಸಾರಕ್ಕೆ, ಪ್ರತಿ ಸಲವೂ ಗೋಡೆ ಒಡೆಯದೆ ಹೊಂದಿಕೊಳ್ಳಬಲ್ಲ ಮನೆ ಬೇಕೆಂಬುದೇ ನಾವು ವಾಸ್ತುಶಿಲ್ಪಿಯ ಮುಂದಿಟ್ಟ ಬೇಡಿಕೆ.

ಆದರೆ ನಕ್ಷೆಗೂ ಮೊದಲು ಸೈಟೇ ನಮ್ಮ ಹೆಸರಿಗೆ ಬರಬೇಕಿತ್ತು. ಖಾತೆ 2017ರಲ್ಲಿ ತೀರಿಕೊಂಡ ಮಾವನವರ ಹೆಸರಿನಲ್ಲೇ ಇತ್ತು. ಕಂದಾಯವನ್ನು ತಪ್ಪದೆ ಕಟ್ಟುತ್ತಿದ್ದುದರಿಂದ ಎಲ್ಲ ಸರಿಯಾಗಿದೆ ಎಂದೇ ನಾವು ನಂಬಿದ್ದೆವು. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗಾಗಿ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಮೂಲ ಕ್ರಯಪತ್ರ, ಆಸ್ತಿಯ ಮೇಲಿನ ಮಾರಾಟ–ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿಕೊಂಡು ಹೋದಾಗ, ಕ್ರಯಪತ್ರದಲ್ಲಿ ಮಾವನವರ ಹೆಸರಿನ ಮುಂದಿದ್ದ ಎರಡು ಇನಿಷಿಯಲ್ ಮರಣ ಪ್ರಮಾಣಪತ್ರದಲ್ಲಿ ಒಂದಾಗಿರುವುದು ಕಣ್ಣಿಗೆ ಬಿತ್ತು. ಆ ಒಂದು ಅಕ್ಷರಕ್ಕಾಗಿ ನೋಟರಿಯ ಪ್ರಮಾಣಪತ್ರ, ಅವರ ಹಳೆಯ ಪಿಂಚಣಿ ಪುಸ್ತಕದ ನಕಲು, ಏಳು ವಾರಗಳ ಕಾಲ ಹಿಡಿಯಿತು. ಬಳಿಕ ಬೆಂಗಳೂರಿನ ಮೈದುನನೂ ಶಿರಸಿಯ ನಾದಿನಿಯೂ ಒಂದೇ ದಿನ ಬಿಡುವು ಮಾಡಿಕೊಂಡು ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾಯಿತು. ಇಬ್ಬರೂ ಒಂದು ಮಾತೂ ಆಡದೆ ಬಂದು ಹಾಕಿಕೊಟ್ಟರು. ಆ ಋಣ ನಮ್ಮ ಮೇಲಿದೆ. ಇ-ಖಾತೆ ಕೈಗೆ ಬಂದದ್ದು 2024ರ ಮಾರ್ಚ್ ಕೊನೆಗೆ. ಹಿರಿಯರ ಹೆಸರಿನ ಸೈಟಿನಲ್ಲಿ ಮನೆ ಕಟ್ಟುವ ಯೋಚನೆ ಇರುವವರು ಮನೆಯ ಯೋಚನೆಗೆ ಕೈಹಾಕುವ ಮೊದಲೇ ಕ್ರಯಪತ್ರ, ಆಧಾರ್, ಮರಣ ಪ್ರಮಾಣಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಋಣಭಾರ ಪತ್ರ ತೆಗೆಸುವಾಗ ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಯಾವುದೇ ಬಂದರೂ ಸೈಟು ಕೊಂಡ ವರ್ಷದಿಂದ ಇಂದಿನವರೆಗೆ ಎಡೆಬಿಡದೆ ಇರುವಂತೆ ತೆಗೆಸಿ. ಬ್ಯಾಂಕಿನವರು ಮೊದಲು ನೋಡುವುದೇ ಅದನ್ನು.

ನಕ್ಷೆಯ ಮಾತು ಶುರುವಾದದ್ದು ಅಲ್ಲಿಂದ ಮುಂದೆ. ವಾಸ್ತುಶಿಲ್ಪಿ ನಮಗಿಂತ ಚಿಕ್ಕ ವಯಸ್ಸಿನವರು. ಮೊದಲ ದಿನವೇ ಅವರು ಇಂದೋರಿನ ‘ಅರಣ್ಯ’ ಎಂಬ ಬಡಾವಣೆಯ ಚಿತ್ರಗಳನ್ನು ತೋರಿಸಿದರು. ಅಹಮದಾಬಾದಿನ ವಾಸ್ತುಶಿಲ್ಪಿ ಬಿ.ವಿ. ದೋಶಿಯವರು ಅಲ್ಲಿ ಬಡವರಿಗಾಗಿ ಯೋಜಿಸಿದ ಮನೆಗಳು ಅಡಿಪಾಯ, ಶೌಚಾಲಯ, ಒಂದು ಕೋಣೆಯಿಂದ ಆರಂಭವಾಗಿ, ಕೈಯಲ್ಲಿ ಕಾಸು ಕೂಡಿದಂತೆ ಹಿಂದಕ್ಕೂ ಮೇಲಕ್ಕೂ ಬೆಳೆಯುತ್ತವೆ. ಆ ಚಿತ್ರಗಳನ್ನು ಬಹಳ ಹೊತ್ತು ನೋಡಿದ ಅತ್ತೆ, ‘ಇದರಲ್ಲಿ ಹೊಸದೇನಿದೆ, ನಮ್ಮ ಮನೆಯೂ ಹೀಗೇ ಅಲ್ಲವೇ ಬೆಳೆದದ್ದು’ ಎಂದರು. ತೀರ್ಥಹಳ್ಳಿ ಕಡೆಯ ಅವರ ಮನೆ ಒಂಬತ್ತು ಅಂಕಣದ್ದು. ಮಲೆನಾಡಿನಲ್ಲಿ ಹಿಂದೆ ಮನೆಯನ್ನು ಅಳೆಯುತ್ತಿದ್ದುದು ಚದರಡಿಯಲ್ಲಲ್ಲ, ಅಂಕಣದಲ್ಲಿ. ಕಂಬದಿಂದ ಕಂಬಕ್ಕೆ ಇರುವ ಜಾಗ ಒಂದು ಅಂಕಣ. ಭಾರ ಹೊರುವುದು ಕಂಬ ಮತ್ತು ತೊಲೆ. ಹಾಗಾಗಿ ನಡುವಿನ ಹಲಗೆಯ ಗೋಡೆಯನ್ನು ಇಂದು ಇಲ್ಲಿ, ನಾಳೆ ಅಲ್ಲಿ ನಿಲ್ಲಿಸಬಹುದು. ಬಾಣಂತಿಯ ಕೋಣೆ ಮರುವರ್ಷ ಅಡಿಕೆ ಮೂಟೆಯ ಕೋಣೆಯಾಗುತ್ತಿತ್ತು. ಮದುವೆ ಬಂದರೆ ಮೂರು ಅಂಕಣ ಒಂದಾಗಿ ಪಂಕ್ತಿ ಕೂರುತ್ತಿತ್ತು.

ಆ ಮಾತಿನಿಂದಲೇ ನಮ್ಮ ನಕ್ಷೆ ಹುಟ್ಟಿತು. ಇಪ್ಪತ್ತೈದು ಅಡಿ ಅಗಲ, ಮೂವತ್ತೆರಡು ಅಡಿ ಉದ್ದದ ಕಟ್ಟಡ. ಅಗಲಕ್ಕೆ ಎರಡು, ಉದ್ದಕ್ಕೆ ಮೂರರಂತೆ ಆರು ಅಂಕಣ, ಹನ್ನೆರಡು ಕಾಂಕ್ರೀಟ್ ಕಂಬ. ಹೊರಗೋಡೆಗೆ ಮಣ್ಣಿನ ಇಟ್ಟಿಗೆ, ಒಳಗೆ ಬಿಚ್ಚಿ ಜೋಡಿಸಬಹುದಾದ ಹಲಗೆಯ ಗೋಡೆ. ನೀರು ಮುಟ್ಟುವ ಅಡುಗೆಮನೆ, ಬಚ್ಚಲು, ಶೌಚಾಲಯಗಳೆಲ್ಲ ಹಿಂದಿನ ಎರಡು ಅಂಕಣದಲ್ಲಿ, ಮೇಲಿನದು ಕೆಳಗಿನದರ ನೇರಕ್ಕೆ. ಕೊಳವೆಗಳು ಗೋಡೆಯೊಳಗೆ ಹೂತಿಲ್ಲ. ಬಾಗಿಲು ತೆರೆದರೆ ಕಾಣುವಂತೆ ಒಂದೇ ಡಕ್ಟಿನಲ್ಲಿ ಇಳಿಯುತ್ತವೆ. ಪಕ್ಕದ ಮನೆಗಳಿಂದಾಗಿ ಎಡಬಲಗಳಲ್ಲಿ ಬೆಳಕು ಇಲ್ಲದ್ದಕ್ಕೆ ನಡುವೆ ಐದಡಿ ಆರಡಿಯ ಸಣ್ಣ ತೊಟ್ಟಿಯಂಗಳ. ಮೆಟ್ಟಿಲು ಜಗಲಿಯ ಪಕ್ಕದಿಂದಲೇ ಏರುವುದರಿಂದ, ಮುಂದೊಂದು ದಿನ ಮೇಲಂತಸ್ತನ್ನು ಬಾಡಿಗೆಗೆ ಕೊಟ್ಟರೂ ಕೆಳಗಿನವರ ನಡುಮನೆಯನ್ನು ಯಾರೂ ಹಾಯಬೇಕಿಲ್ಲ.

ಇಲ್ಲಿ ಮನೆಯೊಳಗೊಂದು ಇಕ್ಕಟ್ಟು ಎದುರಾಯಿತು. ಮೇಲಂತಸ್ತಿಗೂ ಒಂದು ಅಡುಗೆಮನೆಯನ್ನು ನಕ್ಷೆಯಲ್ಲೇ ತೋರಿಸಿ, ಎರಡು ವಾಸದ ಘಟಕವೆಂದೇ ಮಂಜೂರಾತಿ ಪಡೆಯಬೇಕೆಂದು ವಾಸ್ತುಶಿಲ್ಪಿ ಹೇಳಿದರು. ಅತ್ತೆ ಅಂದು ಊಟ ಮಾಡಲಿಲ್ಲ. ‘ಮನೆ ಏಳುವ ಮೊದಲೇ ಪಾಲು ಮಾಡುತ್ತೀರಾ’ ಎಂದಷ್ಟೇ ಕೇಳಿದರು. 1978ರಲ್ಲಿ ಮಾವನವರೂ ಅವರ ಅಣ್ಣನವರೂ ಹಿಸೆಯಾದಾಗ, ಆ ಒಂಬತ್ತು ಅಂಕಣದ ಮನೆಯಲ್ಲಿ ಮೂರನೆಯ ಅಂಕಣದ ಬಾಗಿಲಿಗೆ ಅಡ್ಡಪಟ್ಟಿ ಹೊಡೆದು ಮೊಳೆ ಬಡಿದದ್ದನ್ನು ಅವರು ಕಣ್ಣಾರೆ ಕಂಡವರು. ಅವರಿಗೆ ಎರಡನೆಯ ಒಲೆ ಎಂದರೆ ಅದೇ. ನಾವು ವಾದ ಮಾಡಲಿಲ್ಲ. ವಾರ ಕಳೆದ ಮೇಲೆ ಅವರೇ, ‘ಒಲೆಯ ಜಾಗ ಇರಲಿ, ಒಲೆ ಹೂಡುವುದು ಬೇಡ’ ಎಂದರು. ಮೇಲಿನ ಅಡುಗೆಮನೆಯಲ್ಲಿ ನೀರಿನ ಕೊಳವೆಯೂ ಕೊಳಚೆಯ ಕೊಳವೆಯೂ ಮುಚ್ಚಳ ಹಾಕಿಕೊಂಡು ಕುಳಿತಿವೆ. ಅಲ್ಲಿ ಈಗ ಮಗಳ ಓದುವ ಮೇಜು ಇದೆ. ನಿಮ್ಮ ಮನೆಯಲ್ಲೂ ಈ ಮಾತು ಏಳುತ್ತದೆ. ಅದನ್ನು ನಕ್ಷೆ ಸಲ್ಲಿಸುವ ಮುಂಚೆಯೇ ಆಡಿ ಮುಗಿಸಿ. ಕಟ್ಟಡ ಎಷ್ಟೇ ಹೊಂದಿಕೊಳ್ಳುವಂಥದ್ದಾದರೂ ಮಂಜೂರಾದ ನಕ್ಷೆ ಹೊಂದಿಕೊಳ್ಳುವುದಿಲ್ಲ. ಮುಂದೆ ಬೇಕಾಗಬಹುದಾದದ್ದನ್ನೆಲ್ಲ ಮೊದಲ ನಕ್ಷೆಯಲ್ಲೇ ತೋರಿಸಿಬಿಡುವುದು ಕ್ಷೇಮ.

ಅತ್ತೆಯ ವಾಕರಿನಿಂದಾಗಿ ಇನ್ನೊಂದು ಲೆಕ್ಕ ಬಂತು. ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದವಿರಬೇಕು ಎಂಬುದು ಗಾಲಿಕುರ್ಚಿಯ ದಾರಿಗೆ ಒಪ್ಪಿತ ಅಳತೆ. ಪಾಯವನ್ನು ತಗ್ಗಿಸಿದರೆ ಇಳಿಜಾರು ಚಿಕ್ಕದಾಗುತ್ತದೆ. ಆದರೆ ನಮ್ಮ ರಸ್ತೆ ಪ್ರತಿ ಡಾಂಬರಿಗೂ ಮೇಲೇರುತ್ತಿದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ಕಂಡವರು ಪಾಯ ತಗ್ಗಿಸಲು ಒಪ್ಪುವುದಿಲ್ಲ. ಕೊನೆಗೆ ಎರಡಡಿ ಪಾಯವನ್ನೇ ಉಳಿಸಿಕೊಂಡು, ಬಲಬದಿಯಲ್ಲಿ ಬಿಟ್ಟ ಮೂರೂವರೆ ಅಡಿಯ ಓಣಿಯುದ್ದಕ್ಕೂ ಮೇಲೆ ಚಾವಣಿಯಿಲ್ಲದ ಇಪ್ಪತ್ತನಾಲ್ಕು ಅಡಿಯ ಇಳಿಜಾರನ್ನು ಎಳೆದೆವು. ಅದು ಬಂದು ಸೇರುವುದು ಅತ್ತೆಯ ಕೋಣೆಯ ಬಾಗಿಲಿಗೆ. ಆ ಕೋಣೆಯ ಮತ್ತು ಬಚ್ಚಲಿನ ಬಾಗಿಲುಗಳು ಮೂರಡಿ ಅಗಲ; ಹೊಸ್ತಿಲು ಇಲ್ಲ. ಹೊಸ್ತಿಲು ಇಲ್ಲದ ಬಾಗಿಲಿಗೆ ಅವರು ಒಪ್ಪಿದ್ದೇ ನನಗೆ ಆಶ್ಚರ್ಯ. ಹೆಬ್ಬಾಗಿಲಿಗೆ ಮಾತ್ರ ಹೊಸ್ತಿಲು ಬೇಕೇ ಬೇಕೆಂದರು, ಇಟ್ಟಿದ್ದೇವೆ.

ನಕ್ಷೆ ಸಲ್ಲಿಸುವ ಹೊತ್ತಿಗೆ ಲೋಕಸಭಾ ಚುನಾವಣೆ. ಶಿವಮೊಗ್ಗದಲ್ಲಿ ಮತದಾನ 2024ರ ಮೇ 7ರಂದು. ಕಚೇರಿಗಳ ಸಿಬ್ಬಂದಿ ಆ ಕೆಲಸದಲ್ಲಿದ್ದರು, ಶಾಲಾ ಶಿಕ್ಷಕಿಯಾದ ನಾನೂ ಮತಗಟ್ಟೆಯಲ್ಲಿದ್ದೆ. ಅರ್ಜಿ ಜೂನ್ ತನಕ ಅಲುಗಲಿಲ್ಲ. ಆ ಬಿಡುವಿನಲ್ಲಿ ನಾವು ಸಾಲಕ್ಕೆ ಹೊರಟೆವು. ನಿಜವಾದ ತಡೆ ಎದುರಾದದ್ದು ಅಲ್ಲಿ.

ಮಣ್ಣಿನ ಇಟ್ಟಿಗೆ ಎಂದಾಗ ನಾವು ಹೇಳುತ್ತಿದ್ದುದು ಹಸಿ ಇಟ್ಟಿಗೆಯನ್ನಲ್ಲ. ಮಣ್ಣಿಗೆ ಕಲ್ಲುಪುಡಿ ಮತ್ತು ಶೇಕಡಾ 7ರಷ್ಟು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಅದುಮಿ, ಇಪ್ಪತ್ತೆಂಟು ದಿನ ನೀರುಣಿಸಿ ಗಟ್ಟಿ ಮಾಡುವ ಇಟ್ಟಿಗೆ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಈ ವಿಧಾನವನ್ನು ರೂಢಿಗೆ ತಂದರು. ಗೂಡಿನಲ್ಲಿ ಸುಡುವುದಿಲ್ಲವಾದ್ದರಿಂದ ಸೌದೆ ಬೇಡ. ನಾವು ಅದನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣವೇ ಅದು. ಇಟ್ಟಿಗೆಗೂಡಿಗೆ ಲಾರಿಗಟ್ಟಲೆ ಮರ ಹೋಗುವುದನ್ನು ನೋಡಿಯೂ ಸುಟ್ಟ ಇಟ್ಟಿಗೆಯಲ್ಲಿ ಮನೆ ಕಟ್ಟಲು ನಮ್ಮ ಮನಸ್ಸು ಒಪ್ಪಲಿಲ್ಲ. ಆದರೆ ಮೊದಲು ಹೋದ ಬ್ಯಾಂಕಿನ ಮೌಲ್ಯಮಾಪಕರು ವರದಿಯಲ್ಲಿ ‘ಮಣ್ಣಿನ ಗೋಡೆಯ ಮನೆ’ ಎಂದು ಒಂದೇ ಸಾಲು ಬರೆದರು. ಸಾಲ ನಿರಾಕರಣೆಯಾಯಿತು. ಆ ಸಂಜೆ ಬಸ್ಸಿನಲ್ಲಿ ಹಿಂತಿರುಗುವಾಗ, ಎಲ್ಲರಂತೆ ಸಿಮೆಂಟು ಬ್ಲಾಕು ಹಾಕಿಬಿಡೋಣ ಎಂದು ಗಂಡ ಎರಡು ಸಲ ಹೇಳಿದರು, ನಾನು ಉತ್ತರ ಕೊಡಲಿಲ್ಲ.

ಜುಲೈಯಲ್ಲಿ, ಮಳೆಯ ನಡುವೆಯೇ ದನದ ಕೊಟ್ಟಿಗೆಯ ಸೂರಿನಡಿ ಇಪ್ಪತ್ತು ಇಟ್ಟಿಗೆಗಳನ್ನು ಪ್ರಯೋಗಕ್ಕೆಂದು ಅಚ್ಚು ಹಾಕಿಸಿದೆವು. ಮಣ್ಣು ಹೊಂದುತ್ತದೆಯೇ ಎಂದು ತಿಳಿಯಲು ವಾಸ್ತುಶಿಲ್ಪಿ ಹೇಳಿಕೊಟ್ಟ ಉಪಾಯ ಯಾರೂ ಮಾಡಬಹುದಾದದ್ದು. ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಬೇಕು. ಮರಳು ತಳಕ್ಕೆ ಇಳಿಯುತ್ತದೆ, ಅದರ ಮೇಲೆ ಮೆಕ್ಕಲು, ಎಲ್ಲಕ್ಕೂ ಮೇಲೆ ನುಣ್ಣನೆಯ ಜೇಡಿ. ನಮ್ಮ ಬಾಟಲಿಯಲ್ಲಿ ಜೇಡಿಯ ಪದರ ಬೇಕಾದ್ದಕ್ಕಿಂತ ದಪ್ಪವಿತ್ತು. ಮಲೆನಾಡಿನ ಕೆಂಪುಮಣ್ಣಿಗೆ ಇದು ಸಹಜ. ಜೇಡಿ ಹೆಚ್ಚಾದರೆ ಒಣಗುವಾಗ ಇಟ್ಟಿಗೆ ಬಿರಿಯುತ್ತದೆ. ಅದಕ್ಕೆ ಮೂರು ಬುಟ್ಟಿ ಮಣ್ಣಿಗೆ ಎರಡು ಬುಟ್ಟಿ ಕಲ್ಲುಪುಡಿಯ ಪ್ರಮಾಣ ಗೊತ್ತು ಮಾಡಿದೆವು. ಇಪ್ಪತ್ತೆಂಟು ದಿನ ಕಳೆದ ಮೇಲೆ ಇಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಇಂಥ ಇಟ್ಟಿಗೆಗಿರುವ ಐ.ಎಸ್. 1725 ಎಂಬ ಭಾರತೀಯ ಮಾನದಂಡದಂತೆ ನೀರಿನಲ್ಲಿ ನೆನೆಸಿ ಒತ್ತಿ ನೋಡಿದರು. ನಮ್ಮವು ಸರಾಸರಿ ಚದರ ಮಿಲಿಮೀಟರಿಗೆ 4.1 ನ್ಯೂಟನ್ ಒತ್ತಡ ತಾಳಿದವು.

ಆ ವರದಿಯೊಂದಿಗೆ ರಚನಾ ಇಂಜಿನಿಯರರಿಂದ ಒಂದು ಪತ್ರವನ್ನೂ ಪಡೆದು ಎರಡನೆಯ ಬ್ಯಾಂಕಿಗೆ ಹೋದೆವು. ಪತ್ರದಲ್ಲಿದ್ದ ಮುಖ್ಯ ವಾಕ್ಯ ಒಂದೇ: ಈ ಕಟ್ಟಡದ ಭಾರವನ್ನು ಕಾಂಕ್ರೀಟ್ ಕಂಬ ಮತ್ತು ತೊಲೆಗಳು ಹೊರುತ್ತವೆ, ಗೋಡೆಯದು ನಡುವಿನ ಜಾಗ ತುಂಬುವ ಕೆಲಸ ಮಾತ್ರ. ಹದಿನೆಂಟು ದಿನದಲ್ಲಿ ಸಾಲ ಮಂಜೂರಾಯಿತು. ಹೀಗೆ ಕಟ್ಟುವವರು ಈ ಎರಡು ಹಾಳೆಗಳನ್ನು ಮೊದಲ ಭೇಟಿಗೇ ಒಯ್ಯಿರಿ. ಮೌಲ್ಯಮಾಪಕರು ಸೈಟಿಗೆ ಬರುವ ದಿನ ನೀವೂ ಅಲ್ಲಿರಿ. ನಕ್ಷೆಯೂ ಆಗಸ್ಟ್ ಕೊನೆಗೆ ಮಂಜೂರಾಯಿತು. ಶುಲ್ಕದ ಜೊತೆಗೆ ಕಾರ್ಮಿಕ ಕಲ್ಯಾಣ ಸೆಸ್ ಎಂದು ನಿರ್ಮಾಣ ವೆಚ್ಚದ ಶೇಕಡಾ 1 ಕಟ್ಟಬೇಕಿತ್ತು. 2024ರಲ್ಲಿ ಸ್ವಂತ ವಾಸದ ಮನೆಗೆ ವೆಚ್ಚ 10 ಲಕ್ಷ ರೂಪಾಯಿ ಮೀರದಿದ್ದರೆ ಮಾತ್ರ ಅದರಿಂದ ವಿನಾಯಿತಿ ಇತ್ತು. ನಾವು ಇದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

2024ರ ವಿಜಯದಶಮಿಯ ಮರುವಾರ ಗುದ್ದಲಿ ಪೂಜೆ. ಕಂಬದ ಗುಂಡಿ ಮತ್ತು ಮಳೆನೀರಿನ ತೊಟ್ಟಿಗೆ ಅಗೆದ ಮಣ್ಣಿನಲ್ಲಿ ಮೇಲಿನ ಬೇರು–ಕಸದ ಪದರವನ್ನು ಬೇರೆ ಮಾಡಿ, ಕೆಳಗಿನ ಕೆಂಪುಮಣ್ಣನ್ನು ಇಟ್ಟಿಗೆಗೆ ಇಟ್ಟುಕೊಂಡೆವು. ಅದು ಅರ್ಧಕ್ಕಷ್ಟೇ ಸಾಕಾಯಿತು, ಉಳಿದದ್ದು ಊರಿನ ಜಮೀನಿನಿಂದ ಬಂತು. ಇಕ್ಕಟ್ಟಿನ ಬಡಾವಣೆಯಲ್ಲಿ ಇಟ್ಟಿಗೆ ಅಚ್ಚು ಹಾಕುವುದೆಂದರೆ ಜಾಗದ್ದೇ ಕಷ್ಟ. ಆರು ಜನ ದಿನಕ್ಕೆ ನಾನೂರರಂತೆ ಹತ್ತೊಂಬತ್ತು ದಿನದಲ್ಲಿ ಏಳೂವರೆ ಸಾವಿರ ಇಟ್ಟಿಗೆ ತೆಗೆದರು. ಒಣಗಲು ಹತ್ತಿರದ ಖಾಲಿ ಸೈಟಿನ ಮಾಲೀಕರು ಜಾಗ ಕೊಡದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಒಂದು ಮೂಟೆ ಸಿಮೆಂಟಿಗೆ ಸುಮಾರು ಎಂಬತ್ತು ಇಟ್ಟಿಗೆ. ಕೂಲಿ, ಸಿಮೆಂಟು, ಕಲ್ಲುಪುಡಿ, ಯಂತ್ರದ ಬಾಡಿಗೆ ಸೇರಿ ಒಂದು ಇಟ್ಟಿಗೆಗೆ 21 ರೂಪಾಯಿ ಬಿತ್ತು. ಸುಟ್ಟ ಇಟ್ಟಿಗೆಗಿಂತ ಇದು ಎರಡು ಪಟ್ಟಿಗೂ ದೊಡ್ಡದಾದ್ದರಿಂದ ಗೋಡೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಸರಿಸಮವೇ ಆಯಿತು. ಅಗ್ಗವೆಂದು ಇದಕ್ಕೆ ಕೈಹಾಕಬೇಡಿ. ಉಳಿತಾಯವಾದದ್ದು ಗಾರೆಯಲ್ಲಿ ಮತ್ತು ಬಣ್ಣದಲ್ಲಿ. ಒಳಗೂ ಹೊರಗೂ ನಾವು ಗೋಡೆಗೆ ಗಾರೆ ಬಳಿದಿಲ್ಲ.

ಚಾವಣಿಗೆ ಊರಿನ ಹಳೆಯ ಕೊಟ್ಟಿಗೆಯ ಮಂಗಳೂರು ಹೆಂಚುಗಳು ಕೆಲಸಕ್ಕೆ ಬಂದವು. ಚಪ್ಪಡಿಯ ಕೆಳಪದರದ ಕಾಂಕ್ರೀಟು ಹೆಚ್ಚಿನ ಕೆಲಸ ಮಾಡುವುದಿಲ್ಲ, ಎಳೆತವನ್ನು ತಾಳುವುದು ಕಬ್ಬಿಣ. ಹಾಗಾಗಿ ಸರಳುಗಳ ನಡುವೆ ಹೆಂಚುಗಳನ್ನು ಜೋಡಿಸಿ ಕಾಂಕ್ರೀಟು ಸುರಿದರೆ ಅಷ್ಟು ಕಾಂಕ್ರೀಟು ಮಿಗುತ್ತದೆ, ಕೋಣೆಯೂ ತಂಪಾಗಿರುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇದನ್ನು ಮನೆಮನೆಗೆ ಮುಟ್ಟಿಸಿದರು. ಹೆಂಚನ್ನು ಮೊದಲೇ ನೀರಿನಲ್ಲಿ ನೆನೆಸದಿದ್ದರೆ ಅದು ಕಾಂಕ್ರೀಟಿನ ನೀರನ್ನು ಕುಡಿದುಬಿಡುತ್ತದೆ. ಹಿಂದಿನ ರಾತ್ರಿಯಿಡೀ ನೆನೆಸಿ. ಒಳಗಿನ ಗೋಡೆಗೆ ಹಳೆಯ ಮನೆಯ ಅಟ್ಟದ ಹಲಸಿನ ಹಲಗೆಗಳನ್ನೂ, ಆ ಮೂರನೆಯ ಅಂಕಣದ ಬೀಟೆಯ ಬಾಗಿಲನ್ನೂ ತರಬೇಕೆಂದಿದ್ದೆವು. ನಮ್ಮದೇ ಮನೆಯ ಮರವಲ್ಲವೇ ಎಂದು ಲಾರಿಗೆ ಹೇರುವಷ್ಟರಲ್ಲಿ ಚಾಲಕ ತಡೆದು, ಅರಣ್ಯ ಇಲಾಖೆಯ ಸಾಗಣೆ ಪರವಾನಗಿ ಎಲ್ಲಿ ಎಂದು ಕೇಳಿದ. ಅವನು ಕೇಳದಿದ್ದರೆ ತಪಾಸಣಾ ಗೇಟಿನಲ್ಲಿ ಮರವನ್ನೂ ಲಾರಿಯನ್ನೂ ಬಿಟ್ಟು ಬರಬೇಕಾಗುತ್ತಿತ್ತು. ಪಂಚಾಯಿತಿಯ ಪತ್ರ, ಹಳೆಯ ಮನೆಯ ಫೋಟೋ, ಸ್ಥಳ ಪರಿಶೀಲನೆ ಎಲ್ಲ ಮುಗಿಯಲು ಮೂರು ವಾರ ಬೇಕಾಯಿತು.

2025ರ ಮಾರ್ಚಿನಲ್ಲಿ ಎರಡನೆಯ ಚಪ್ಪಡಿಗೆ ಕಾಂಕ್ರೀಟು ಹಾಕಿಸಿದೆವು. ಮೇ ಕೊನೆಯೊಳಗೆ ಹೊರಗೋಡೆಯ ತಲೆಗೆ ಹೊದಿಕೆ ಹಾಕಿ, ಜೂನಿನ ಮಳೆಗೆ ಸಿದ್ಧವಾಗುವ ಲೆಕ್ಕ ನಮ್ಮದು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಎರಡೇ ದಿನದಲ್ಲಿ ನಮ್ಮ ಮೇಲೆ ಇತ್ತು. ನಮ್ಮ ಕಡೆಯ ಮಳೆ ಗೋಡೆಗೆ ಹೊಡೆಯುವುದು ಎರಚಲಾಗಿ. ಪಡುವಣ ಗೋಡೆ ಮೂರು ದಿನ ಬಿಡದೆ ನೆನೆಯಿತು. ನಾಲ್ಕನೆಯ ದಿನ ಹೋಗಿ ನೋಡಿದಾಗ ಬಹುಪಾಲು ಇಟ್ಟಿಗೆಗಳು ಕಲ್ಲಿನಂತೆಯೇ ಇದ್ದವು, ಮೇಲಿನ ಎರಡು ವರಸೆಯವು ಮಾತ್ರ ಬೆರಳು ಇಟ್ಟರೆ ಅಂಚು ಉದುರುತ್ತಿದ್ದವು. ಅವು ಕೊನೆಯ ದಿನದ ಅಚ್ಚಿನವು. ಅಂದು ಸಿಮೆಂಟು ಕಡಿಮೆ ಬಿದ್ದಿತ್ತು, ಶಾಲೆಯಿದ್ದುದರಿಂದ ನಾನು ನಿಂತು ನೋಡಿರಲಿಲ್ಲ. ಗೋಡೆಯ ಬುಡದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಅತ್ತೆಗೆ ಹೇಳದೆ ಎರಡು ದಿನ ಮುಚ್ಚಿಟ್ಟೆವು. ಅರವತ್ತು ಇಟ್ಟಿಗೆ ಕಿತ್ತು ಹೊಸದನ್ನು ಇಟ್ಟು, ಆ ಗೋಡೆಗೆ ಎರಡಡಿ ಮುಂಚಾಚಿದ ಹೆಂಚಿನ ಸೂರು ಇಳಿಸಿದ ಮೇಲೆ ಎರಚಲು ನಿಂತಿತು. ಪ್ರತಿ ದಿನದ ಅಚ್ಚಿನ ಮೇಲೆ ತಾರೀಖು ಗೀಚಿಸಿದ್ದರಿಂದ ಕೆಟ್ಟವನ್ನು ಗುರುತಿಸಲು ಸಾಧ್ಯವಾಯಿತು; ಇದನ್ನು ಯಾರೂ ಮರೆಯಬಾರದು.

ಆ ಸೂರು ಇನ್ನೊಂದು ತೊಡಕು ತಂದಿತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಂತೆ, ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ತೋರಿಸಿದ ಮೇಲೆಯೇ ವಿದ್ಯುತ್ತು, ನೀರು, ಒಳಚರಂಡಿಯ ಸಂಪರ್ಕ ಕೊಡಬೇಕಿತ್ತು. ನಾವು ನಕ್ಷೆ ಸಲ್ಲಿಸಿದಾಗ ಈ ತೀರ್ಪು ಇರಲಿಲ್ಲ, ಮುಗಿಸುವಾಗ ಇತ್ತು. ಪರಿಶೀಲನೆಗೆ ಬಂದವರು ಸೂರು ಮಂಜೂರಾದ ನಕ್ಷೆಯಲ್ಲಿಲ್ಲ ಎಂದರು. ಇಳಿಜಾರನ್ನೂ ಕೇಳಿದರು, ಅದು ಮೊದಲೇ ನಕ್ಷೆಯಲ್ಲಿದ್ದುದರಿಂದ ಅಲ್ಲಿಗೇ ಮುಗಿಯಿತು. ಸೂರಿಗೆ ಮಾತ್ರ ಪರಿಷ್ಕೃತ ನಕ್ಷೆ, ಮತ್ತೆ ಶುಲ್ಕ, ಮತ್ತೆ ಐದು ವಾರ. ಆ ಐದು ವಾರ ಬಾಡಿಗೆ ಮನೆಗೂ ಕೊಟ್ಟು, ಸಾಲದ ಕಂತನ್ನೂ ಕಟ್ಟಿದೆವು. ಕೆಲಸದ ನಡುವೆ ಒಂದು ಅಡಿ ಬದಲಾದರೂ ಅಂದೇ ಪರಿಷ್ಕೃತ ನಕ್ಷೆ ಸಲ್ಲಿಸಿ. ಕೊನೆಯಲ್ಲಿ ನೋಡೋಣ ಎನ್ನಬೇಡಿ. ಖಾಯಂ ಸಂಪರ್ಕ ಬಂದ ಮೇಲಷ್ಟೇ 3 ಕಿಲೋವ್ಯಾಟಿನ ಸೌರ ಫಲಕಕ್ಕೆ ಅರ್ಜಿ ಹಾಕಲು ಸಾಧ್ಯವಾಯಿತು. ಪಿ.ಎಂ. ಸೂರ್ಯ ಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಹಾಯಧನವಿದೆ. ಮೂರನೆಯ ಅಂತಸ್ತಿಗೆಂದು ತಾರಸಿಯ ಮೇಲೆ ಕಂಬದ ಸರಳುಗಳನ್ನು ತುಕ್ಕು ಹಿಡಿಯದಂತೆ ಸಿಮೆಂಟಿನಲ್ಲಿ ಮುಚ್ಚಿಟ್ಟಿರುವುದರಿಂದ, ಫಲಕದ ಚೌಕಟ್ಟನ್ನು ಬೋಲ್ಟು ಬಿಚ್ಚಿ ಎತ್ತುವಂತೆ ಮಾಡಿಸಿದ್ದೇವೆ.

ಒಟ್ಟು ಕಟ್ಟಿದ ಜಾಗ 1,600 ಚದರಡಿ, ನಿರ್ಮಾಣಕ್ಕೆ 37 ಲಕ್ಷದ 60 ಸಾವಿರ. ವಾಸ್ತುಶಿಲ್ಪಿ ಮತ್ತು ಇಂಜಿನಿಯರರ ಸಂಭಾವನೆ, ಶುಲ್ಕ, ಸೆಸ್, ಕಾಗದಪತ್ರಗಳಿಗೆ ಬೇರೆಯಾಗಿ ಸುಮಾರು 3 ಲಕ್ಷ. ಮಳೆನೀರಿನ ತೊಟ್ಟಿ ಎಂಟು ಸಾವಿರ ಲೀಟರಿನದು. ಎಂಟುನೂರು ಚದರಡಿಯ ತಾರಸಿಯಲ್ಲಿ ಒಂದು ಮಿಲಿಮೀಟರ್ ಮಳೆಗೆ ಸೋರಿಕೆ ಕಳೆದು ಅರವತ್ತು ಲೀಟರಾದರೂ ಸಿಗುತ್ತದೆ. ಐವತ್ತು ಮಿಲಿಮೀಟರ್ ಬಿದ್ದ ದಿನ ಮೂರು ಸಾವಿರ ಲೀಟರು. ದೊಡ್ಡ ತೊಟ್ಟಿಗೆ ಜಾಗವಿರಲಿಲ್ಲ, ಇದ್ದಿದ್ದರೆ ಮಾಡಿಸುತ್ತಿದ್ದೆವು. ತುಂಬಿ ಮಿಕ್ಕ ನೀರು ಇಂಗುಗುಂಡಿಗೆ ಹೋಗುತ್ತದೆ.

ಬೀಟೆಯ ಬಾಗಿಲನ್ನು ಜಗಲಿಗೂ ಮೆಟ್ಟಿಲಿಗೂ ನಡುವೆ ನಿಲ್ಲಿಸಿದ್ದೇವೆ. ಬಡಗಿ ಅದರ ಮೇಲಿನ ಹನ್ನೊಂದು ಮೊಳೆತೂತುಗಳನ್ನು ಮೇಣ ತುಂಬಿ ಮುಚ್ಚಲು ಹೊರಟಿದ್ದ; ಅತ್ತೆ ಬೇಡವೆಂದರು. ಈಗ ಬೆಳಿಗ್ಗೆ ಇಳಿಜಾರಿನಲ್ಲಿ ಎರಡು ಸುತ್ತು ನಡೆದು ಬಂದು, ಆ ಬಾಗಿಲ ಪಕ್ಕದ ಜಗಲಿಯಲ್ಲಿ ಕುಳಿತು, ಅದು ಮುಚ್ಚಿಕೊಳ್ಳದಂತೆ ವಾಕರನ್ನು ಅದಕ್ಕೆ ಆನಿಸಿ ಇಡುತ್ತಾರೆ.